ಅಗ್ಗದ ಡಿವಿಡಿ ಪ್ಲೇಯರಿನಲ್ಲಿ ಹಣ ಉಳಿಸಿದ್ದು ಎಲ್ಲಿ?

ಪೆಟ್ಟಿಗೆಯ ಮೇಲೆ 9.8 ಇಂಚು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮನೆಗೆ ತಂದು ಟೇಪು ಹಿಡಿದರೆ ಪರದೆ ಮೂಲೆಯಿಂದ ಮೂಲೆಗೆ ಏಳು ಇಂಚಿಗೆ ತುಸು ಹೆಚ್ಚು. ಉಳಿದ ಇಂಚುಗಳೆಲ್ಲ ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿದ್ದವು. ಪಕ್ಕದಲ್ಲೇ ‘3ಡಿ’, ‘ಟಿವಿ’, ‘ಎಫ್‌ಎಂ’, ‘300 ಆಟಗಳು’, ‘ಯುಎಸ್‌ಬಿ’, ‘ಇವಿಡಿ’ ಎಂಬ ಬಿರುದಾವಳಿ. 2013ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಮೂರೂವರೆ ಸಾವಿರ ರೂಪಾಯಿಗೆ ತಂದ ಪೋರ್ಟಬಲ್ ಡಿವಿಡಿ ಪ್ಲೇಯರ್ ಅದು. ತಂದದ್ದು ನನಗಲ್ಲ, ಸಾಗರದ ಕಡೆಯ ಹಳ್ಳಿಯಲ್ಲಿರುವ ಅಪ್ಪಯ್ಯನಿಗೆ. ಅವರ ಹತ್ತಿರ ಒಂದು ಟ್ರಂಕು ತುಂಬ ಯಕ್ಷಗಾನದ ಡಿವಿಡಿಗಳಿದ್ದವು. ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋದರೆ ಎಷ್ಟೋ ಸಲ ಮೂರು ದಿನ ಬರುತ್ತಿರಲಿಲ್ಲ.

“ಒಂದು ವರ್ಷ ಬಂದರೆ ನಿಮ್ಮ ಅದೃಷ್ಟ ಸಾರ್” ಎಂದು ಮಾರಿದವನೇ ಹೇಳಿದ್ದ. ಆ ಪ್ರಾಮಾಣಿಕತೆಗೆ ಮರುಳಾಗಿಯೇ ನಾನು ಅದನ್ನು ಕೊಂಡಿದ್ದಿರಬೇಕು. ಅದು ಇಂದಿಗೂ ಓಡುತ್ತದೆ. ಆದರೆ ಅದರ ಬ್ಯಾಟರಿ ಹೋಗಿದೆ, ಸ್ಪೀಕರು ಗೊರಗೊರ ಎನ್ನುತ್ತದೆ, ತಿರುಗುವ ಪರದೆಯನ್ನು ಒಂದು ನಿರ್ದಿಷ್ಟ ಕೋನದಲ್ಲಿ ಇಟ್ಟರೆ ಮಾತ್ರ ಚಿತ್ರ ಬರುತ್ತದೆ. ಅದೇ ಪೆಟ್ಟಿಗೆಯಲ್ಲಿ ಒಂದು ಭಾಗ ಅಷ್ಟು ಗಟ್ಟಿ, ಇನ್ನೊಂದು ಭಾಗ ಅಷ್ಟು ಪೊಳ್ಳು ಆದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕ ಸೂತ್ರ ಇಷ್ಟೆ: ಅರ್ಧಂಬರ್ಧ ಕೆಲಸ ಮಾಡಲು ಸಾಧ್ಯವೇ ಇಲ್ಲದ ಭಾಗದಲ್ಲಿ ಯಾರೂ ಹಣ ಉಳಿಸಲಾರರು. ಅರ್ಧಂಬರ್ಧ ಆದರೂ ನಡೆಯುತ್ತದೆ ಎನ್ನುವ ಭಾಗಗಳಲ್ಲೆಲ್ಲ ಉಳಿಸಿದ್ದಾರೆ. ಅಗ್ಗದ ಪ್ಲೇಯರ್ ಇಟ್ಟುಕೊಂಡವರು ಎದುರಿಸುವ ಪ್ರತಿಯೊಂದು ಕಿರಿಕಿರಿಯೂ ಈ ಗೆರೆಯ ಆಚೆಯೋ ಈಚೆಯೋ ಬೀಳುತ್ತದೆ.

ತೊಗರಿಕಾಳಿನಷ್ಟು ಕಣ್ಣು

ಮೊದಲು ಉಳಿಸಲಾಗದ ಭಾಗ. ಮುಚ್ಚಳ ತೆರೆದರೆ ನಡುವೆ ಡಿಸ್ಕನ್ನು ಹಿಡಿದುಕೊಳ್ಳುವ ಗುಬ್ಬಿ, ಅದರ ಪಕ್ಕದ ಸೀಳಿನಲ್ಲಿ ತೊಗರಿಕಾಳಿನಷ್ಟು ದೊಡ್ಡ ಕಣ್ಣು ಕಾಣುತ್ತದೆ. ರಿಪೇರಿ ಅಂಗಡಿಗಳಲ್ಲಿ ಇದನ್ನು ‘ಲೆನ್ಸ್’ ಎನ್ನುತ್ತಾರೆ. ನಿಜವಾಗಿ ಲೆನ್ಸ್ ಅದರ ಒಂದು ಚೂರು ಮಾತ್ರ. ಕೆಳಗೆ ಲೇಸರ್ ಹುಟ್ಟಿಸುವ ಡಯೋಡ್, ಬೆಳಕನ್ನು ಒಡೆದು ಕಳಿಸುವ ಗಾಜುಗಳು, ಮರಳಿ ಬಂದ ಬೆಳಕನ್ನು ಅಳೆಯುವ ಸಂವೇದಕ, ಲೆನ್ಸನ್ನು ಅಲುಗಾಡಿಸುವ ತಂತಿಸುರುಳಿ ಮತ್ತು ಅಯಸ್ಕಾಂತ ಇವೆಲ್ಲ ಸೇರಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕುಳಿತಿರುತ್ತವೆ. ಒಟ್ಟಾಗಿ ಇದಕ್ಕೆ ಪಿಕಪ್ ಎಂದು ಹೆಸರು.

ಇದರ ಕೆಲಸ ಎಷ್ಟು ಕಷ್ಟದ್ದು ಎಂದು ತಿಳಿಯಬೇಕಾದರೆ ಡಿಸ್ಕನ್ನು ನೋಡಬೇಕು. 12 ಸೆಂಟಿಮೀಟರ್ ಅಗಲದ ಡಿವಿಡಿಯಲ್ಲಿ ಮಾಹಿತಿ ಒಂದೇ ಒಂದು ಸುರುಳಿಯಾಗಿ, ಒಳಗಿನಿಂದ ಹೊರಗೆ ಸುತ್ತಿಕೊಂಡಿರುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗೆ ಇದು ತಿರುವುಮುರುವು. ಅಲ್ಲಿ ಮುಳ್ಳು ಹೊರಗಿನಿಂದ ಒಳಗೆ ಬರುತ್ತಿತ್ತು. ಡಿವಿಡಿಯಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಇರುವ ಅಂತರ 0.74 ಮೈಕ್ರೊಮೀಟರ್, ಅಂದರೆ ಒಂದು ಕೂದಲೆಳೆಯ ಅಗಲದಲ್ಲಿ ಸುಮಾರು ನೂರು ಸುತ್ತುಗಳು. ಇಡೀ ಸುರುಳಿಯನ್ನು ಬಿಡಿಸಿ ಎಳೆದರೆ ಸುಮಾರು 12 ಕಿಲೋಮೀಟರ್ ಆಗುತ್ತದೆ. ಸಾಗರದಲ್ಲಿ ಒಂದು ತುದಿ ಹಿಡಿದು ಹೊರಟರೆ ತಾಳಗುಪ್ಪದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಹೋಗಬಹುದು. ಆ ದಾರಿಯುದ್ದಕ್ಕೂ ತಗ್ಗುಗಳಿವೆ. ಅತಿ ಚಿಕ್ಕ ತಗ್ಗಿನ ಉದ್ದ 0.4 ಮೈಕ್ರೊಮೀಟರ್. ಕಣ್ಣು ಅವುಗಳ ಮೇಲೆ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ವೇಗದಲ್ಲಿ ಸಾಗುತ್ತ, ಬೆಳಕು ಮರಳಿತೋ ಮಂಕಾಯಿತೋ ಎಂದು ಓದಬೇಕು. ಈ ವೇಗ ಒಂದೇ ಸಮ ಇರಬೇಕಾದ್ದರಿಂದ ಒಳಸುತ್ತಿನಲ್ಲಿ ಡಿಸ್ಕು ನಿಮಿಷಕ್ಕೆ ಹೆಚ್ಚುಕಡಿಮೆ 1,400 ಸಲ, ಹೊರಸುತ್ತಿನಲ್ಲಿ 600ಕ್ಕೂ ಕಡಿಮೆ ಸಲ ತಿರುಗುತ್ತದೆ. ಪ್ರಸಂಗ ಶುರುವಾದಾಗ ಪ್ಲೇಯರ್ ಸುಯ್ಯೆನ್ನುವುದು, ಮಂಗಳದ ಹೊತ್ತಿಗೆ ಸುಮ್ಮನಾಗುವುದು ಇದೇ ಕಾರಣಕ್ಕೆ.

ಡಿಸ್ಕು ಪೂರ್ತಿ ಸಮತಟ್ಟಾಗಿರುವುದಿಲ್ಲ. ತಿರುಗುವಾಗ ಅದರ ಅಂಚು ಮೇಲೆ ಕೆಳಗೆ ಓಲಾಡುತ್ತದೆ. ಲೆನ್ಸ್ ಆ ಓಲಾಟವನ್ನು ಅನುಸರಿಸಿ ತಾನೂ ಏರಿಳಿಯಬೇಕು. ಎಷ್ಟು ಏರಬೇಕು ಎಂದು ಅದಕ್ಕೆ ಗೊತ್ತಾಗುವ ಬಗೆ ನನಗೆ ಇಡೀ ಯಂತ್ರದಲ್ಲಿ ಅತಿ ಇಷ್ಟವಾದದ್ದು. ಮರಳಿ ಬರುವ ಬೆಳಕನ್ನು ಬೇಕೆಂದೇ ತುಸು ವಕ್ರಗೊಳಿಸಿ, ನಾಲ್ಕು ಪಾಲು ಮಾಡಿದ ಸಂವೇದಕದ ಮೇಲೆ ಬೀಳಿಸುತ್ತಾರೆ. ದೂರ ಸರಿಯಾಗಿದ್ದರೆ ಅಲ್ಲಿ ಬೀಳುವ ಚುಕ್ಕೆ ದುಂಡಗಿರುತ್ತದೆ, ನಾಲ್ಕು ಪಾಲಿಗೂ ಸಮಾನ ಬೆಳಕು. ಡಿಸ್ಕು ಹತ್ತಿರ ಬಂದರೆ ಚುಕ್ಕೆ ಒಂದು ಓರೆಗೆ ಮೊಟ್ಟೆಯಾಕಾರ ತಾಳುತ್ತದೆ, ದೂರ ಹೋದರೆ ಇನ್ನೊಂದು ಓರೆಗೆ. ಎದುರುಬದುರು ಪಾಲುಗಳ ಬೆಳಕನ್ನು ಕೂಡಿ ಕಳೆದರೆ ಯಾವ ಕಡೆಗೆ ಎಷ್ಟು ತಪ್ಪಿದೆ ಎಂಬ ಲೆಕ್ಕ ಸಿಗುತ್ತದೆ. ತಂತಿಸುರುಳಿಗೆ ಅಷ್ಟು ಕರೆಂಟು ಹರಿದು ಲೆನ್ಸ್ ಸರಿಯುತ್ತದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಬದಲಿಸುತ್ತ “ಈಗ? ಈಗ?” ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯನ್ನು ಇದು ಸೆಕೆಂಡಿಗೆ ಸಾವಿರಾರು ಸಲ ಕೇಳಿಕೊಳ್ಳುತ್ತಿರುತ್ತದೆ.

ಇದನ್ನು ಅರ್ಧ ಬೆಲೆಗೆ ಅರ್ಧ ಚೆನ್ನಾಗಿ ಮಾಡಲು ಬರುವುದಿಲ್ಲ. ಅರ್ಧ ಓದುವ ಪಿಕಪ್ ಏನನ್ನೂ ಓದಿದಂತಲ್ಲ. 1996ರ ಕೊನೆಯಲ್ಲಿ ಜಪಾನಿನಲ್ಲಿ ಡಿವಿಡಿ ಪ್ಲೇಯರುಗಳು ಮಾರಾಟಕ್ಕೆ ಬಂದವು. 1998ರಲ್ಲಿ ಪ್ಯಾನಸೋನಿಕ್ ತಂದ 5.8 ಇಂಚಿನ ಪೋರ್ಟಬಲ್ ಪ್ಲೇಯರ್ ಹಣವಂತರ ವಸ್ತುವಾಗಿತ್ತು. ಆಮೇಲೆ ಪಿಕಪ್ ಅಗ್ಗವಾದದ್ದು ಗುಣಮಟ್ಟ ಇಳಿಸಿದ್ದರಿಂದಲ್ಲ. ಟಿವಿ ಪಕ್ಕದಲ್ಲಿ ಇಡುವ ಪ್ಲೇಯರು, ಕಂಪ್ಯೂಟರು, ಕಾರು ಎಲ್ಲದಕ್ಕೂ ಹೆಚ್ಚುಕಡಿಮೆ ಅದೇ ಬಗೆಯದನ್ನು ಕೋಟಿಗಟ್ಟಲೆ ಮಾಡಿದ್ದರಿಂದ. ಡಿಸ್ಕಿನ ಸಂಕೇತಗಳಿಂದ ಚಿತ್ರವನ್ನು ಬಿಡಿಸಿ ತೆಗೆಯುವ ಚಿಪ್ಪಿನ ಕಥೆಯೂ ಇದೇ. ಇಂದು ಮೊಬೈಲ್ ಚಿಪ್ಪುಗಳಿಗೆ ಹೆಸರಾದ ತೈವಾನಿನ ಮೀಡಿಯಾಟೆಕ್ ಬೆಳೆದದ್ದೇ ಡಿಸ್ಕ್ ಓದುವ ಚಿಪ್ಪುಗಳಿಂದ. ಲೇಸರನ್ನು ನಿಯಂತ್ರಿಸುವ, ಚಿತ್ರ ಬಿಡಿಸುವ, ದನಿ ಹೊರಡಿಸುವ ಕೆಲಸಗಳೆಲ್ಲ ಒಂದೇ ಚಿಪ್ಪಿಗೆ ಬಂದ ಮೇಲೆ ಯಾವ ಸಣ್ಣ ಕಾರ್ಖಾನೆಯೂ ಪ್ಲೇಯರ್ ಜೋಡಿಸಬಹುದು ಎಂಬಂತಾಯಿತು.

ಪಿಕಪ್ ಗಟ್ಟಿ ಎಂದ ಮಾತ್ರಕ್ಕೆ ಅದಕ್ಕೆ ಮುಪ್ಪಿಲ್ಲ ಎಂದಲ್ಲ. ಆದರೆ ಅದು ಮುಪ್ಪಾಗುವುದಕ್ಕೂ ಒಂದು ಕ್ರಮವಿದೆ. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಲೇಸರ್, ಸಿಡಿ ಮತ್ತು ವಿಸಿಡಿಗಳಿಗೆ 780 ನ್ಯಾನೊಮೀಟರಿನ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್ನೊಂದು ಲೇಸರ್. ಹಾಗಾಗಿ “ವಿಸಿಡಿ ಓಡುತ್ತದೆ, ಡಿವಿಡಿ ಹಾಕಿದರೆ ನೋ ಡಿಸ್ಕ್ ಎನ್ನುತ್ತದೆ” ಎಂದು ಯಾರಾದರೂ ಹೇಳಿದರೆ ಕೆಂಪು ಲೇಸರ್ ಬಳಲಿದೆ ಎಂದು ಅನುಮಾನಿಸಬಹುದು. ಅದು ಬಳಲುವಾಗ ಮೊದಲು ಕೈಕೊಡುವುದು ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕುಗಳು ಮತ್ತು ಎರಡು ಪದರದವು, ಏಕೆಂದರೆ ಅವು ಬೆಳಕನ್ನು ಕಡಿಮೆ ಮರಳಿಸುತ್ತವೆ. ಆಮೇಲೆ ಸ್ಟುಡಿಯೊದವರು ಬರೆದುಕೊಟ್ಟ ಮದುವೆಯ ಡಿಸ್ಕುಗಳು. ಕಾರ್ಖಾನೆಯಲ್ಲಿ ಒತ್ತಿ ತೆಗೆದ ಒಂದು ಪದರದ ಡಿಸ್ಕು ಕೊನೆಯವರೆಗೂ ಓಡುತ್ತದೆ. ಇಷ್ಟು ತಿಳಿದಿದ್ದರೆ ರಿಪೇರಿಯವನ ಮುಂದೆ ಸುಮ್ಮನೆ ತಲೆಯಾಡಿಸುವ ಪ್ರಮೇಯ ಬರುವುದಿಲ್ಲ.

ಇನ್ನೊಂದು ಅಗ್ಗದ ಕಾಯಿಲೆಯೂ ‘ನೋ ಡಿಸ್ಕ್’ ಎಂದೇ ಕಾಣಿಸಿಕೊಳ್ಳುತ್ತದೆ. ಮುಚ್ಚಳ ತೆರೆದಾಗ ಲೇಸರ್ ಕಣ್ಣಿಗೆ ಬೀಳದಿರಲಿ ಎಂದು ಅಂಚಿನಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಮುಚ್ಚಳದ ಕೊಕ್ಕೆ ಅದನ್ನು ಒತ್ತಿದರೆ ಮಾತ್ರ ಯಂತ್ರ ಕೆಲಸ ಶುರು ಮಾಡುತ್ತದೆ. ಕೊಕ್ಕೆ ಸವೆದರೆ ಮುಚ್ಚಿದ ಮುಚ್ಚಳವೂ ಅದಕ್ಕೆ ತೆರೆದ ಮುಚ್ಚಳವೇ. ನಮ್ಮದರಲ್ಲಿ ಹೀಗಾದಾಗ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಪ್ಪಯ್ಯ ಅರ್ಧ ತಾಸು ತಾಳಮದ್ದಳೆ ಕೇಳಿದ್ದರು. ಆ ಕೊಕ್ಕೆಗೆ ಪ್ಲಾಸ್ಟಿಕ್ಕಿನ ಚೂರು ಅಂಟಿಸಿದ ಮೇಲೆ ಸರಿಹೋಯಿತು.

ಪರದೆಯಲ್ಲಿ ಸೋರಿಹೋದದ್ದು

ಈಗ ಉಳಿಸಿದ ಭಾಗಗಳು. ಮೊದಲನೆಯದು ಪರದೆ, ಅತಿ ಹೆಚ್ಚು ಉಳಿಸಿದ್ದೂ ಇಲ್ಲಿಯೇ.

ನಮ್ಮ ದೇಶದ ‘ಪಾಲ್’ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಒಂದೊಂದು ಚಿತ್ರವೂ 720 ಅಡ್ಡ, 576 ಉದ್ದ ಚುಕ್ಕೆಗಳಿಂದಾಗಿರುತ್ತದೆ, ಒಟ್ಟು 4,14,720. ಅಗ್ಗದ ಏಳು ಇಂಚಿನ ಪರದೆಗಳಲ್ಲಿ ಬಹುತೇಕ 480×234 ಚುಕ್ಕೆಗಳು, ಒಟ್ಟು 1,12,320. ಡಿಸ್ಕಿನಲ್ಲಿದ್ದ ಚಿತ್ರದ ಮುಕ್ಕಾಲು ಭಾಗ ಪರದೆಗೆ ಬರುವ ಮೊದಲೇ ಸೋರಿಹೋಯಿತು ಎಂದಾಯಿತು. ಕೊಳ್ಳುವಾಗ ಇಂಚು ಕೇಳುತ್ತೇವೆ, ಚುಕ್ಕೆ ಕೇಳುವುದಿಲ್ಲ. ಅದು ಅವರಿಗೂ ಗೊತ್ತು. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳನ್ನು ಓದಲು ಆಗುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿದರೆ ಉತ್ತರ ಸಿಗುತ್ತದೆ. 800×480 ಎಂದು ಬರೆದಿರುವುದು ಸಿಕ್ಕರೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಬ್ಬರೇ ಮಡಿಲಲ್ಲಿಟ್ಟುಕೊಂಡು ನೋಡುವುದಾದರೆ ಕಡಿಮೆ ಚುಕ್ಕೆಯೂ ಅಷ್ಟಾಗಿ ಕಾಡುವುದಿಲ್ಲ. ನಾಲ್ಕು ಜನ ಸುತ್ತ ಕುಳಿತರೆ ಬೇರೆ ತೊಂದರೆ ಶುರುವಾಗುತ್ತದೆ. ಈ ಪರದೆಗಳು ನೇರ ಮುಂದಿನಿಂದ ನೋಡಿದರೆ ಮಾತ್ರ ಸರಿ. ಕೆಳಗಿನಿಂದ ನೋಡಿದವರಿಗೆ ಬಣ್ಣಗಳು ತಲೆಕೆಳಗಾಗಿ, ಬಿಳಿ ಮುಖ ಬೂದಿಯಾಗಿ, ಕಪ್ಪು ಕೂದಲು ಬೆಳ್ಳಿಯಾಗಿ ಕಾಣುತ್ತದೆ. ನೆಲದ ಮೇಲೆ ಕುಳಿತ ಮಕ್ಕಳಿಗೆ ಫೋಟೊದ ನೆಗೆಟಿವ್, ಕುರ್ಚಿಯಲ್ಲಿ ಕುಳಿತವರಿಗೆ ಪ್ರಸಂಗ.

“ಈ ದುಶ್ಶಾಸನ ಇಷ್ಟು ದಪ್ಪ ಯಾವಾಗ ಆದ?” ಎಂದು ಅಪ್ಪಯ್ಯ ಒಮ್ಮೆ ಕೇಳಿದ್ದರು. ದುಶ್ಶಾಸನ ಮಾತ್ರವಲ್ಲ, ಭಾಗವತರೂ ದಪ್ಪಗಾಗಿದ್ದರು, ಕೇದಗೆ ಮುಂದಲೆ ಬುಟ್ಟಿಯಷ್ಟು ಅಗಲವಾಗಿತ್ತು. ಹಳೆಯ ವಿಡಿಯೊಗಳನ್ನು ಹಳೆಯ ಟಿವಿಗಳಿಗೆಂದು 4:3 ಆಕಾರದಲ್ಲಿ ತೆಗೆದಿರುತ್ತಾರೆ. ಪರದೆಯದು 16:9. ಪ್ಲೇಯರ್ ತಾನಾಗಿ ಚಿತ್ರವನ್ನು ಪೂರ್ತಿ ಪರದೆಗೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ಹೆಚ್ಚು ಅಗಲವಾಗುತ್ತಾರೆ. ಬಹಳಷ್ಟು ಮದುವೆಗಳ ವಧುಗಳು ಈ ಅನ್ಯಾಯಕ್ಕೆ ಗುರಿಯಾಗಿದ್ದಾರೆ. ಸೆಟಪ್ ಗುಂಡಿ ಒತ್ತಿ ‘ಟಿವಿ ಡಿಸ್‌ಪ್ಲೇ’ ಎಂಬಲ್ಲಿ ಆಕಾರ ಬದಲಿಸಬಹುದು. ಕೆಲವು ಪ್ಲೇಯರುಗಳಲ್ಲಿ ಪರದೆಯ ಪಕ್ಕದಲ್ಲೇ ಇದಕ್ಕೆಂದು ಬೇರೆ ಗುಂಡಿ ಇರುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಗಾಬರಿ ಬೇಡ, ಅದೇ ಸರಿ.

ಪರದೆ ತಿರುಗಿಸಿ ಮಡಚುವ ಕೀಲಿನ ವಿಷಯ. ಅದರೊಳಗಿನಿಂದ ದಾರದಷ್ಟು ಸಣ್ಣ ತಂತಿಗಳ ಕಟ್ಟು ಹಾದುಹೋಗುತ್ತದೆ. ಕೀಲಿನ ಮೇಲೆ ಬಾಣದ ಗುರುತಿದ್ದರೆ ಆ ದಿಕ್ಕಿಗೆ ಮಾತ್ರ ತಿರುಗಿಸಬೇಕು, ಮರಳಿ ಬರುವಾಗ ಅದೇ ದಾರಿಯಲ್ಲಿ ಬರಬೇಕು. ನಮ್ಮದು ‘ಒಂದು ಕೋನದಲ್ಲಿ ಮಾತ್ರ’ ಕಾಣುವ ಸ್ಥಿತಿಗೆ ಬಂದದ್ದು ಬಾಣದ ಗುರುತನ್ನು ಅಲಂಕಾರ ಎಂದುಕೊಂಡ ಒಬ್ಬ ಬುದ್ಧಿವಂತ ಮಗನಿಂದ. ಅವನು ಯಾರೆಂದು ಬರೆಯುವ ಅಗತ್ಯವಿಲ್ಲ.

ಬ್ಯಾಟರಿಯ ಲೆಕ್ಕ

ಪೆಟ್ಟಿಗೆಯ ಮೇಲೆ ‘4 ಗಂಟೆ’ ಎಂದಿತ್ತು. ಬ್ಯಾಟರಿಯ ಬೆನ್ನಿನ ಮೇಲೆ 7.4 ವೋಲ್ಟ್, 1500 ಎಂಎಎಚ್ (ಅಂದರೆ 1.5 ಆಂಪಿಯರ್-ಗಂಟೆ) ಎಂದಿತ್ತು. ಎರಡನೆಯದನ್ನು ನಂಬಿ ಲೆಕ್ಕ ಹಾಕೋಣ. 7.4ನ್ನು 1.5ರಿಂದ ಗುಣಿಸಿದರೆ 11 ವ್ಯಾಟ್-ಗಂಟೆ. ಪರದೆಯ ಹಿಂದಿನ ದೀಪ, ಡಿಸ್ಕು ತಿರುಗಿಸುವ ಮೋಟರು, ಲೇಸರು, ಚಿಪ್ಪು, ಸ್ಪೀಕರು ಎಲ್ಲ ಸೇರಿ ಏಳು ವ್ಯಾಟ್ ಕುಡಿಯುತ್ತವೆ ಎಂದಿಟ್ಟುಕೊಂಡರೆ ಒಂದೂವರೆ ಗಂಟೆ. ಕನ್ನಡ ಸಿನಿಮಾ ಎರಡೂವರೆ ಗಂಟೆಯದು. ಇಂಟರ್‌ವಲ್ ಕಳೆದು ನಾಯಕಿಗೆ ಸತ್ಯ ತಿಳಿಯುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿ, ಇಯರ್‌ಫೋನು ಹಾಕಿದರೆ ಇಪ್ಪತ್ತು ನಿಮಿಷ ಹೆಚ್ಚು ಸಿಗಬಹುದು. ಡಿಸ್ಕಿನ ಬದಲು ಪೆನ್‌ಡ್ರೈವಿನಿಂದ ನೋಡಿದರೆ ಮೋಟರು, ಲೇಸರುಗಳ ಪಾಲೂ ಉಳಿಯುತ್ತದೆ.

ಲಿಥಿಯಂ ಬ್ಯಾಟರಿಗೆ ಎರಡು ವಿಷಯ ಆಗದು: ತುಂಬಿದ ಹೊಟ್ಟೆಯಲ್ಲಿ ದೀರ್ಘಕಾಲ ಇರುವುದು, ಸೆಖೆಯಲ್ಲಿ ಇರುವುದು. ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯದಲ್ಲಿ ಊರಲ್ಲಿ ಪ್ಲೇಯರನ್ನು ಹಗಲೂ ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿಯೇ ಇಡುತ್ತಿದ್ದರು. ಎರಡನೇ ವರ್ಷದ ಕೊನೆಗೆ ಅದು ಅರ್ಧ ಗಂಟೆಗೆ ಇಳಿಯಿತು, ಮೂರನೇ ವರ್ಷ ತಳದ ಪ್ಲಾಸ್ಟಿಕ್ಕು ಉಬ್ಬಿ ಪ್ಲೇಯರು ಮೇಜಿನ ಮೇಲೆ ಗಾಡಿಯಂತೆ ಅಲುಗತೊಡಗಿತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಲೇಬಾರದು. ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತಯಾರಕರ ವಿಳಾಸವೇ ಇಲ್ಲದ ಪೆಟ್ಟಿಗೆ ಕೊಂಡ ನಾನು ಯಾರನ್ನು ಹುಡುಕಿಕೊಂಡು ಹೋಗಲಿ? ಬ್ಯಾಟರಿ ಇಲ್ಲದೆಯೂ ಇಂಥ ಬಹಳಷ್ಟು ಪ್ಲೇಯರುಗಳು ಅಡಾಪ್ಟರಿನ ಮೇಲೆ ಓಡುತ್ತವೆ, ನಮ್ಮದೂ ಓಡಿತು.

ಅಡಾಪ್ಟರಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಇಂಥ ಪ್ಲೇಯರುಗಳು ಸಾಯುವುದು ಹೆಚ್ಚಾಗಿ ಇದರಿಂದ. ದುಂಡು ಪಿನ್ ಹೊಕ್ಕಿತು ಎಂದ ಮಾತ್ರಕ್ಕೆ ಅದು ಇದರದ್ದಲ್ಲ. ಕೆಲವು ಪ್ಲೇಯರುಗಳಿಗೆ 9 ವೋಲ್ಟ್ ಬೇಕು, ಕೆಲವಕ್ಕೆ 12. ಸೆಟ್‌ಟಾಪ್ ಬಾಕ್ಸಿನದೋ ಇಂಟರ್‌ನೆಟ್ ರೂಟರಿನದೋ 12 ವೋಲ್ಟಿನ ಅಡಾಪ್ಟರು ಪ್ರತಿ ಮನೆಯಲ್ಲೂ ಬಿದ್ದಿರುತ್ತದೆ, ಪಿನ್ನೂ ಹೊಂದುತ್ತದೆ. 9 ವೋಲ್ಟಿನ ಯಂತ್ರಕ್ಕೆ ಅದನ್ನು ಚುಚ್ಚಿದರೆ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎರಡರ ಮೇಲೂ ವೃತ್ತ, ಚುಕ್ಕೆ, ಧನ-ಋಣ ಗುರುತಿನ ಪುಟ್ಟ ಚಿತ್ರವಿರುತ್ತದೆ. ಅದು ಒಂದೇ ಇರಬೇಕು, ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಬಿರುದಾವಳಿಯ ಅರ್ಥ

‘ಇವಿಡಿ’ ಎಂದರೇನು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಡಿವಿಡಿ ತಯಾರಿಸುವವರು ಪ್ರತಿ ಪ್ಲೇಯರಿಗೂ ಪೇಟೆಂಟ್ ಹೊಂದಿದ ಕಂಪನಿಗಳಿಗೆ ಶುಲ್ಕ ಕಟ್ಟಬೇಕಿತ್ತು. ಜಗತ್ತಿನ ಹೆಚ್ಚಿನ ಪ್ಲೇಯರುಗಳನ್ನು ಜೋಡಿಸುತ್ತಿದ್ದ ಚೀನಾ ಈ ಭಾರ ತಪ್ಪಿಸಿಕೊಳ್ಳಲು 2003ರಲ್ಲಿ ಇವಿಡಿ ಎಂಬ ತನ್ನದೇ ಮಾದರಿಯನ್ನು ಘೋಷಿಸಿತು. ಅದು ನಡೆಯಲಿಲ್ಲ. ಮಾದರಿ ಸತ್ತರೂ ಮೂರು ಅಕ್ಷರಗಳು ಪೆಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಉಳಿದುಕೊಂಡವು. ಒಳಗಿದ್ದದ್ದು ಸಾದಾ ಡಿವಿಡಿಯೇ. ‘3ಡಿ’ ಎಂದರೆ ಒಂದು ಗಾಜು ಕೆಂಪು, ಇನ್ನೊಂದು ನೀಲಿ ಇರುವ ಕಾಗದದ ಕನ್ನಡಕ. ‘ಟಿವಿ’ ಎಂದರೆ ಅನಲಾಗ್ ಆಂಟೆನಾದ ಟಿವಿ. ದೂರದರ್ಶನ ಆ ಬಗೆಯ ಪ್ರಸಾರ ಕೇಂದ್ರಗಳನ್ನು ಬಹುತೇಕ ಮುಚ್ಚಿದೆ, ಹಾಗಾಗಿ ಈಗ ಅಲ್ಲಿ ಕಾಣುವುದು ಇರುವೆ ಮುತ್ತಿದಂಥ ಪರದೆ ಮಾತ್ರ. ಎಫ್‌ಎಂ ಕೇಳುತ್ತದೆ.

‘ಯುಎಸ್‌ಬಿ’ ಎಂಬ ಬಿರುದಿಗೆ ಮಾತ್ರ ಸ್ವಲ್ಪ ವಿವರಣೆ ಬೇಕು. ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿ ಚುಚ್ಚಿದರೆ ಹೆಸರೂ ಕಾಣುವುದಿಲ್ಲ, ಇಲ್ಲವೇ ದನಿ ಬಂದು ಚಿತ್ರ ಬರುವುದಿಲ್ಲ. ಪೆನ್‌ಡ್ರೈವ್ ಕೆಟ್ಟಿಲ್ಲ. ಈ ಪ್ಲೇಯರಿನ ಚಿಪ್ಪು ಕಂಪ್ಯೂಟರಿನಂತೆ ಹೊಸದನ್ನು ಕಲಿಯುವಂಥದ್ದಲ್ಲ. ಡಿವಿಡಿಯ ಎಂಪೆಗ್-2, ವಿಸಿಡಿಯ ಎಂಪೆಗ್-1, ಹೆಚ್ಚೆಂದರೆ ಎಕ್ಸ್‌ವಿಡ್ ಬಗೆಯ ಎವಿಐ ಕಡತಗಳನ್ನು ಬಿಡಿಸುವ ದಾರಿಯನ್ನು ಅದರ ಸಿಲಿಕಾನಿನಲ್ಲೇ ಕೆತ್ತಿಟ್ಟಿರುತ್ತಾರೆ. ಮೊಬೈಲುಗಳು ವಿಡಿಯೊಕ್ಕೆ ಬಳಸುವ ಎಚ್.264 ಎಂಬ ಬಗೆ ಅದರಲ್ಲಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ರೂಪಕ್ಕೆ ಬದಲಿಸಿ, ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿದರೆ ಓಡುತ್ತದೆ.

ದನಿಯ ವಿಷಯದಲ್ಲೂ ಇದೇ ಸೂತ್ರ. ಒಂದು ಸಿನಿಮಾ ಡಿಸ್ಕು ಹಾಕಿದರೆ ಚಿತ್ರ ಚೆಂದ, ದನಿ ಮಾತ್ರ ಸೊನ್ನೆ ಎಂದಾದರೆ ಸ್ಪೀಕರನ್ನು ಬೈಯುವ ಮೊದಲು ರಿಮೋಟಿನ ‘ಆಡಿಯೊ’ ಗುಂಡಿ ಒತ್ತಿ. ಕೆಲವು ಡಿಸ್ಕುಗಳಲ್ಲಿ ಡಿಟಿಎಸ್ ಎಂಬ ಬಗೆಯ ದನಿ ಮೊದಲಿಗೆ ಇರುತ್ತದೆ. ಡಿವಿಡಿ ನಿಯಮದ ಪ್ರಕಾರ ಅದು ಕಡ್ಡಾಯವಲ್ಲ, ಬಿಡಿಸಲು ಪರವಾನಗಿ ಶುಲ್ಕ ಬೇರೆ, ಆದ್ದರಿಂದ ಅಗ್ಗದ ಪ್ಲೇಯರುಗಳು ಅದನ್ನು ಬಿಟ್ಟುಬಿಡುತ್ತವೆ. ಮುಂದಿನ ದನಿಗೆ ಹೋದರೆ ಮಾತು ಕೇಳುತ್ತದೆ.

ವಲಯದ ಕಟ್ಟುಪಾಡು ಇನ್ನೊಂದು. ಸಿನಿಮಾ ಕಂಪನಿಗಳು ಜಗತ್ತನ್ನು ಆರು ವಲಯಗಳಾಗಿ ಹಂಚಿದವು. ಅಮೆರಿಕ ಒಂದನೆಯದು, ಭಾರತ ಐದನೆಯದು. ಅಲ್ಲಿ ಕೊಂಡ ಪ್ಲೇಯರಿನಲ್ಲಿ ಇಲ್ಲಿಯ ಡಿಸ್ಕು ಓಡದಿರಲು ಅದೊಂದು ಕಾರಣ, ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗಳ ಅಂತರ ಇನ್ನೊಂದು. ಡಲ್ಲಾಸಿಗೋ ನ್ಯೂಜೆರ್ಸಿಗೋ ಹೋದ ಎಷ್ಟೋ ಕನ್ನಡ ಮನೆಗಳಲ್ಲಿ ಊರಿನ ಮದುವೆ ಡಿಸ್ಕು ಅಲ್ಲಿಯ ಟಿವಿಯಲ್ಲಿ ಉರುಳುವ ಕಪ್ಪುಬಿಳುಪು ಚಿತ್ರವಾದದ್ದು ಈ ಎರಡನೆಯದರಿಂದ. ತನ್ನದೇ ಪರದೆಯುಳ್ಳ ಪೋರ್ಟಬಲ್ ಪ್ಲೇಯರಿಗೆ ಆ ತಂಟೆಯಿಲ್ಲ, ಬಹುತೇಕ ಎರಡನ್ನೂ ಆಡಿಸುತ್ತದೆ.

ಡಿಸ್ಕಿನ ಆರೈಕೆ

2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲೆ ನಮ್ಮ ಮನೆಗಳಲ್ಲಿ ಡಿಸ್ಕುಗಳ ರಾಶಿ ಬಿತ್ತು, ಅವುಗಳ ಮೇಲಿನ ಮರ್ಯಾದೆಯೂ ಹೋಯಿತು. ಅವನ್ನು ಟೀ ಲೋಟದ ಕೆಳಗಿಟ್ಟವರಿದ್ದಾರೆ, ಕಾಗೆ ಓಡಿಸಲು ಗದ್ದೆಯಲ್ಲಿ ತೂಗಿದವರಿದ್ದಾರೆ. ಆದರೂ ಗೀರು ಬಿದ್ದ ಡಿಸ್ಕು ಓಡುತ್ತದೆ, ಏಕೆಂದರೆ ಮಾಹಿತಿಯ ಜೊತೆಗೆ ಅದನ್ನು ಸರಿಪಡಿಸುವ ಲೆಕ್ಕವನ್ನೂ ಸೇರಿಸಿ ಬರೆದಿರುತ್ತಾರೆ. ಸಾಲು ಸಾಲಾಗಿ ಜೋಡಿಸಿದ ಅಂಕಿಗಳಿಗೆ ಅಡ್ಡದ ಮೊತ್ತ, ಉದ್ದದ ಮೊತ್ತ ಬರೆದಿಟ್ಟರೆ ನಡುವೆ ಒಂದು ಅಂಕಿ ಅಳಿಸಿಹೋದರೂ ಕಂಡುಹಿಡಿಯಬಹುದಲ್ಲ, ಹಾಗೆ. ಡಿವಿಡಿಯಲ್ಲಿ ದಾರಿಯುದ್ದಕ್ಕೆ ಸುಮಾರು 6 ಮಿಲಿಮೀಟರ್ ಅಳಿದರೂ ಈ ಲೆಕ್ಕದಿಂದ ತುಂಬಿಕೊಳ್ಳಬಹುದು. ಒರೆಸುವಾಗ ದುಂಡಗೆ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಎನ್ನುವುದು ಇದಕ್ಕೇ. ನೇರ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಅಳಿಸುತ್ತದೆ. ದುಂಡು ಗೀರು ಸುರುಳಿಯ ಜೊತೆಗೇ ಸಾಗಿ ಒಂದೇ ಕಡೆ ಉದ್ದಕ್ಕೆ ಅಳಿಸುತ್ತದೆ.

ವಿಸಿಡಿಯ ಹೆಸರು ಬರೆದ ಮೇಲ್ಭಾಗದ ಬಗ್ಗೆ ಹೆಚ್ಚು ಎಚ್ಚರ ಬೇಕು, ಅದರ ಮಾಹಿತಿ ಆ ಬಣ್ಣದ ಕೆಳಗೇ ಇರುತ್ತದೆ. ಡಿವಿಡಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ಮಾಹಿತಿ ನಡುವೆ ಬೆಚ್ಚಗಿರುತ್ತದೆ. ಮದುವೆಯ ಡಿಸ್ಕಿಗೆ ವಧೂವರರ ಫೋಟೊದ ಕಾಗದ ಅಂಟಿಸಿಕೊಡುವ ಪದ್ಧತಿಯೊಂದಿತ್ತು. ಆ ಕಾಗದ ಒಂದು ಬದಿಗೆ ಸರಿದಿದ್ದರೆ ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಡಿಸ್ಕು ಗಡಗಡ ನಡುಗುತ್ತದೆ, ಮಳೆಗಾಲದಲ್ಲಿ ಅಂಟು ಬಿಟ್ಟರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ನಡುಗುವುದಕ್ಕೆ ಪ್ಲೇಯರು ಕಾರಣವಲ್ಲ. ಎರಡು ಪದರದ ಸಿನಿಮಾ ಡಿಸ್ಕು ನಡುವೆ ಒಮ್ಮೆ ಕ್ಷಣಕಾಲ ನಿಂತು ಮುಂದೆ ಹೋಗುವುದೂ ಕೆಟ್ಟದ್ದರ ಗುರುತಲ್ಲ. ಕಣ್ಣು ತನಗೆ ಹತ್ತಿರದ ಪದರದಿಂದ ಒಳಪದರಕ್ಕೆ ನೋಟ ಬದಲಿಸಿಕೊಳ್ಳುತ್ತಿರುತ್ತದೆ. ಘಟ್ಟದ ರಸ್ತೆಯ ಬಸ್ಸಿನಲ್ಲಿ ಮಾತ್ರ ಕ್ಷಣಕ್ಷಣಕ್ಕೂ ನಿಲ್ಲುತ್ತದೆ. ಕಣ್ಣು ದಾರಿ ತಪ್ಪಿದಾಗ ತೋರಿಸಲು ಮುಂಚಿತವಾಗಿ ಓದಿಟ್ಟುಕೊಂಡ ಚಿತ್ರ ಅಗ್ಗದ ಪ್ಲೇಯರಿನ ನೆನಪಿನಲ್ಲಿ ಒಂದೆರಡು ಸೆಕೆಂಡಿನದಷ್ಟೇ ಇರುತ್ತದೆ. ಆಗುಂಬೆಯ ತಿರುವುಗಳಿಗೆ ಅದು ಸಾಲದು.

ಕಳೆದ ಮಳೆಗಾಲದಲ್ಲಿ ಅಪ್ಪಯ್ಯನ ಟ್ರಂಕಿನ ಡಿಸ್ಕುಗಳನ್ನೆಲ್ಲ ಹಾರ್ಡ್‌ಡಿಸ್ಕಿಗೆ ತುಂಬಲು ಕುಳಿತೆ. ಮನೆಯವರೇ ಚಿತ್ರೀಕರಿಸಿ ಬರೆಸಿದ ಡಿಸ್ಕುಗಳಿಗೆ ಬೀಗವಿರುವುದಿಲ್ಲ; ‘ವಿಡಿಯೊ ಟಿಎಸ್’ ಎಂಬ ಕಡತಕೋಶವನ್ನು ಹಾಗೆಯೇ ನಕಲು ಮಾಡಿದರೆ ಸಾಕು. ಒಂದು ಡಿಸ್ಕು ಮಾತ್ರ ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ದಾರಿಗೆ ನಿಂತಿತು. ಅರ್ಧ ಗಂಟೆ ಗರಗರ ಎಂದು ಅದೇ ಜಾಗವನ್ನು ಕೆರೆದು ಕೊನೆಗೆ ಆಗದು ಎಂದಿತು. ತೀರಿಕೊಂಡ ಚಿಕ್ಕಪ್ಪ ಹವ್ಯಾಸಿ ತಂಡದಲ್ಲಿ ಕರ್ಣನ ವೇಷ ಹಾಕಿದ್ದ ಡಿಸ್ಕು ಅದು, ಬೇರೆ ಪ್ರತಿಯಿಲ್ಲ. ಬೇಸತ್ತು ಹಳೆಯ ಪ್ಲೇಯರಿಗೆ ಹಾಕಿದರೆ ಓಡಿತು.

ಕಾರಣ ಸರಳ. ಕಂಪ್ಯೂಟರಿಗೆ ನಕಲು ಎಂದರೆ ಒಂದಕ್ಷರವೂ ತಪ್ಪಬಾರದು; ಓದಲು ಬಾರದ ಚೂರನ್ನು ಅದು ಮತ್ತೆ ಮತ್ತೆ ಕೇಳುತ್ತದೆ, ಸಿಗದಿದ್ದರೆ ಇಡೀ ಕೆಲಸವನ್ನೇ ಕೈಬಿಡುತ್ತದೆ. ಪ್ಲೇಯರಿಗೆ ಅಷ್ಟು ಪುರುಸೊತ್ತಿಲ್ಲ. ಸೆಕೆಂಡಿಗೆ 25 ಚಿತ್ರ ತೋರಿಸಬೇಕು. ಒಂದು ಚೂರು ಸಿಗದಿದ್ದರೆ ಸುತ್ತಲಿನದರಿಂದ ಏನೋ ಒಂದು ತೇಪೆ ಹಾಕಿ ಮುಂದೆ ನಡೆಯುತ್ತದೆ. ಪರದೆಯ ಹಿಂದಿನ ಎವಿ ತೂತಿಗೆ ತಂತಿ ಚುಚ್ಚಿ, ಅದರ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ವಿಡಿಯೊ ತುಂಬುವ ಪುಟ್ಟ ಯುಎಸ್‌ಬಿ ಸಾಧನಕ್ಕೆ ಜೋಡಿಸಿದೆ. ಆ ತೂತಿನಿಂದ ಹೊರಡುವ ಚಿತ್ರ ಸಣ್ಣ ಪರದೆಯ ಮೂಲಕ ಹಾಯುವುದಿಲ್ಲ, ಆದ್ದರಿಂದ ಸೋರಿಹೋಗುತ್ತಿದ್ದ ಮುಕ್ಕಾಲು ಭಾಗದ ಬಹುಪಾಲು ಮರಳಿ ಸಿಗುತ್ತದೆ. ಎರಡು ಗಂಟೆ ಹತ್ತು ನಿಮಿಷ, ಮುಚ್ಚಳದ ಮೇಲೆ ಬೆರಳಿಟ್ಟುಕೊಂಡು ಅಪ್ಪಯ್ಯ ಪಕ್ಕದಲ್ಲೇ ಕುಳಿತಿದ್ದರು. ಲ್ಯಾಪ್‌ಟಾಪು ಸೋತ ಜಾಗ ಬಂದಾಗ ಚಂಡೆಯ ಸದ್ದು ಎರಡು ಸಲ ತೊದಲಿತು, ಚಿಕ್ಕಪ್ಪನ ಮುಖ ಚೌಕ ಚೌಕವಾಗಿ ಒಡೆಯಿತು, ಮತ್ತೆ ಕೂಡಿಕೊಂಡು ಅರ್ಥ ಹೇಳತೊಡಗಿತು.